ಬಂದೆ ಅಂದವನ ಬಿಲ್ಲೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ. ಊರೂರು ತಿರುಗಿ, ಸೈನ್ಯದವರು ಹೊಸ ಫಿರಂಗಿ ಪರೀಕ್ಷಿಸುವ ಬಯಲಿನಲ್ಲಿ ಗುರಿಹಲಗೆ ನೆಡುವ ಕೂಲಿಗೆ ಸೇರಿದೆ. ಬಯಲಿಗೆ ಇಳಿಯುವವರು ತಮ್ಮ ಹೆಸರಿನ ಬಿಲ್ಲೆಯನ್ನು ಗೇಟಿನ ಮೊಳೆಗೆ ತೂಗುಹಾಕಬೇಕು. ಮರಳಿದ ಮೇಲೆ ತೆಗೆದುಕೊಳ್ಳಬೇಕು.

ಒಂದು ದಿನ ಎಲ್ಲರೂ ಮರಳಿದರೂ ನನ್ನ ಬಿಲ್ಲೆ ಮೊಳೆಯಲ್ಲೇ ಉಳಿಯಿತು.

"ಇನ್ನು ನಾನು ಸಿಡಿಯಬಹುದಲ್ಲ?" ಎಂದಿತು ಫಿರಂಗಿ.

"ಬೇಡಣ್ಣ. ನನ್ನ ಯಜಮಾನ ಇನ್ನೂ ಬಯಲಲ್ಲೇ ಇದ್ದಾನೆ," ಎಂದಿತು ಬಿಲ್ಲೆ.

"ಗೇಟಿನವರು ಕೂಗಿದ್ದಕ್ಕೆ 'ಬಂದೆ' ಅಂದನಲ್ಲ. ಬಂದೆ ಅಂದಮೇಲೆ ಬಂದ ಹಾಗೇ."

"ಅವನ ಬಾಯಿಗೆ ಬೆಲೆ ಕೊಡಬೇಡಿ. ಊಟಕ್ಕೆ ಕರೆದರೂ ಬಂದೆ ಅಂತಾನೆ, ಆಮೇಲೆ ಬೀಡಿ ಹಚ್ಚುತ್ತಾನೆ. ನನ್ನನ್ನು ಮೊಳೆಯಿಂದ ಇಳಿಸುವವರೆಗೆ ಅವನು ಬಂದಿಲ್ಲ."

"ದೊಡ್ಡ ಸಾಹೇಬರು ಕಾಯುತ್ತಿದ್ದಾರೆ."

"ಕಾಯಲಿ. ಅವರು ಗೇಟಿನ ಈಚೆ ಇದ್ದಾರೆ."

ಫಿರಂಗಿ ಗೊಣಗಿತು, ಆದರೆ ಸಿಡಿಯಲಿಲ್ಲ. ಕೊನೆಗೆ ಹಳ್ಳದ ಕಡೆಯಿಂದ ನಾನು ಸುತ್ತಿಗೆ ಹೊತ್ತು ಏರಿ ಬಂದು ಬಿಲ್ಲೆ ಇಳಿಸಿಕೊಂಡೆ. ಬಯಲು ಗುಡುಗಿದ್ದು ಆಮೇಲೆಯೇ.

ಅಲ್ಲಿನ ಕೂಲಿ ಮುಗಿದು ಬೇರೆ ಊರಿಗೆ ಹೊರಡಲು ನಾನು ಗಂಟು ಕಟ್ಟುವಾಗ ಫಿರಂಗಿ ಕರೆದು ಹೇಳಿತು: "ಹೊರಡುವವನು ಹೇಳಿ ಹೊರಡಪ್ಪ. ಇಲ್ಲದಿದ್ದರೆ ನೀನು ಇನ್ನೂ ಬಯಲಲ್ಲೇ ಇದ್ದೀಯ ಅಂತ ನಾಳೆ ನಾನು ನಿನಗಾಗಿ ಕಾಯುತ್ತಾ ಕೂತುಬಿಡುತ್ತೇನೆ."