ನೊರೆ ಬರುವ ಸೀಸೆ

"ಗುರುಗಳೇ, ನನ್ನ ವಾರ್ಡಿನಲ್ಲಿ ಒಬ್ಬ ಸಾಯುತ್ತಿದ್ದಾನೆ. ಅಲ್ಲಿ ಹೊಸ ಔಷಧಿಯ ಪರೀಕ್ಷೆ ನಡೆಯುತ್ತಿದೆ. ಅವನ ಸರದಿಗೆ ಬಂದಿರುವುದು ಬರೀ ಉಪ್ಪುನೀರು ಎಂದು ನನಗೆ ಹೇಗೋ ಗೊತ್ತಾಗಿದೆ. ಔಷಧಿಯ ಸೀಸೆ ಪಕ್ಕದಲ್ಲೇ ಇದೆ. ಬದಲಾಯಿಸಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ನಾಡಿಗೆ ಸಾಂಕ್ರಾಮಿಕ ಜ್ವರ ಬಂತು. ಒಬ್ಬ ಸಂಶೋಧಕ ಆ ಜ್ವರದ ವೈರಾಣುವಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಿದ. ಜ್ವರದಿಂದ ಎದ್ದವರ ರಕ್ತದಲ್ಲಿ ವೈರಾಣುವನ್ನು ತಡೆಯುವ ಒಂದು ಪ್ರೋಟೀನು ಸಿಕ್ಕಿತು. ಆ ಪ್ರೋಟೀನಿನ ವಂಶವಾಹಿಯನ್ನು ಹುಡುಕಿ, ಜೀವಕೋಶಗಳಿಗೆ ಸೇರಿಸಿ, ಅವುಗಳಿಂದ ಅದನ್ನು ಮಾಡಿಸಿದ. ಅದೇ ಔಷಧಿ. ಇಷ್ಟಕ್ಕೆ ಎರಡು ವರ್ಷ ಹಿಡಿಯಿತು.

ಔಷಧಿ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಿತ್ತು. ಎಂಬತ್ತು ಸೀಸೆ ತುಂಬಿಸಿದ. ನಲವತ್ತರಲ್ಲಿ ಔಷಧಿ, ನಲವತ್ತರಲ್ಲಿ ಉಪ್ಪುನೀರು. ನೋಡಲು ಎರಡೂ ಒಂದೇ. ಎಲ್ಲವನ್ನೂ ಬೆರೆಸಿ, ಸಂಖ್ಯೆ ಅಂಟಿಸಿ, ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟ. ಯಾವ ಸಂಖ್ಯೆಯಲ್ಲಿ ಏನಿದೆ ಎಂಬ ಪಟ್ಟಿಗೆ ಮೊಹರು ಹಾಕಿದ. ಆಸ್ಪತ್ರೆಯ ದಾದಿಗೆ ಒಂದೇ ನಿಯಮ ಹೇಳಿದ: ಬಂದ ರೋಗಿಗೆ ಸಾಲಿನಲ್ಲಿ ಮುಂದಿನ ಸೀಸೆ.

ಮೊದಲ ದಿನವೇ ದಾದಿಯ ಕೈಯಿಂದ ಪೆಟ್ಟಿಗೆ ಜಾರಿತು. ಸೀಸೆ ಒಂದೂ ಒಡೆಯಲಿಲ್ಲ. ಆದರೆ ಕೆಲವು ಸೀಸೆಗಳಲ್ಲಿ ನೊರೆ ಎದ್ದಿತ್ತು, ಕೆಲವುಗಳಲ್ಲಿ ಇರಲಿಲ್ಲ. ಉಪ್ಪುನೀರಿಗೆ ಹಾಗೆ ನೊರೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಂದಿನಿಂದ ಅವಳು ಸೀಸೆ ಅಲ್ಲಾಡಿಸಿ ನೋಡತೊಡಗಿದಳು. ಉಸಿರಿಗೆ ಒದ್ದಾಡುವವರಿಗೆ ನೊರೆ ಬರುವ ಸೀಸೆ. ಎದ್ದು ಕೂರಬಲ್ಲವರಿಗೆ ಇನ್ನೊಂದು.

"ಏನವ್ವಾ, ಮಜ್ಜಿಗೆ ಕಡೆದ ಹಾಗೆ ಅಲ್ಲಾಡಿಸ್ತೀಯ? ಬೆಣ್ಣೆ ಬಂದ್ರೆ ನಂಗೂ ಒಂಚೂರು ಕೊಡು" ಎಂದು ಒಬ್ಬ ಮುದುಕಿ ಏದುಸಿರಿನಲ್ಲೇ ಹಂಗಿಸಿದಳು.

"ಇದು ನಿಂಗೇ ಕಣಜ್ಜಿ. ತೋಳು ಚಾಚು" ಎಂದಳು ದಾದಿ.

ಮುದುಕಿ ಹತ್ತನೆಯ ದಿನ ನಡೆದುಕೊಂಡೇ ಮನೆಗೆ ಹೋದಳು. ಜ್ವರ ಅಷ್ಟು ಬಿಗಡಾಯಿಸಿದವರು ಬದುಕಿದ್ದನ್ನು ದಾದಿ ಅದುವರೆಗೆ ಕಂಡಿರಲಿಲ್ಲ. ಈಗ ಅಂಥವರಲ್ಲಿ ಅರ್ಧದಷ್ಟು ಜನ ಬದುಕಿದರು. ತಾನು ಸರದಿ ತಪ್ಪಿಸಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಎಂಬತ್ತು ಸೀಸೆಯೂ ಮುಗಿದ ಮೇಲೆ ಪಟ್ಟಿಯ ಮೊಹರು ಒಡೆದರು. ಔಷಧಿ ಪಡೆದವರಲ್ಲಿ ಹತ್ತೊಂಬತ್ತು ಸಾವು. ಉಪ್ಪುನೀರು ಪಡೆದವರಲ್ಲಿ ಹದಿನೆಂಟು. ಸಂಶೋಧಕ ಮೂರು ಸಲ ಎಣಿಸಿದ. ಔಷಧಿಗೂ ನೀರಿಗೂ ವ್ಯತ್ಯಾಸವಿಲ್ಲ ಎಂದು ಬರೆದ. ತಯಾರಿಕೆ ನಿಂತಿತು. ಬೆಳೆಸಿದ್ದ ಜೀವಕೋಶಗಳನ್ನು ನಾಶಮಾಡಿದರು.

ಮರುವರ್ಷ ಜ್ವರ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ವಾರ್ಡು ತುಂಬಿ ವರಾಂಡವೂ ತುಂಬಿತು. ದಾದಿ ಸಂಶೋಧಕನ ಬಳಿಗೆ ಓಡಿದಳು.

"ಸಾರ್, ಆ ಔಷಧಿ ಕೊಡಿ. ಅದು ಬದುಕಿಸುತ್ತೆ."

"ಅದು ಕೆಲಸ ಮಾಡಲ್ಲಮ್ಮ. ನಿಮ್ಮ ವಾರ್ಡಿನಲ್ಲೇ ಸಾಬೀತಾಗಿದೆ."

"ಕಣ್ಣಾರೆ ನೋಡಿದೀನಿ ಸಾರ್. ಅಲ್ಲಾಡಿಸಿದ್ರೆ ನೊರೆ ಬರೋ ಸೀಸೆನ ಸಾಯೋರನ್ನೇ ಆರಿಸಿ ಆರಿಸಿ ಕೊಟ್ಟಿದ್ದೆ."

ಸಂಶೋಧಕನಿಗೆ ಆಗ ತಿಳಿಯಿತು. ಔಷಧಿ ಪಡೆದವರೆಲ್ಲ ಸಾಯಲಿದ್ದವರು. ಉಪ್ಪುನೀರು ಪಡೆದವರ ಸ್ಥಿತಿ ಅಷ್ಟು ಕೆಟ್ಟಿರಲಿಲ್ಲ. ಎರಡೂ ಕಡೆ ಸಾವು ಹೆಚ್ಚುಕಡಿಮೆ ಸಮವಾದದ್ದೇ ಔಷಧಿಯ ಗೆಲುವಾಗಿತ್ತು. ಅದನ್ನು ಅವನು ಸೋಲು ಎಂದು ಓದಿದ್ದ.

ಅವನು ಅವಳನ್ನು ಬಯ್ಯಲಿಲ್ಲ. ಮತ್ತೆ ಮೊದಲಿನಿಂದ ಜೀವಕೋಶ ಬೆಳೆಸಿದ. ಈ ಸಲ ನೊರೆ ಕಾಣದಂತೆ ಸೀಸೆಗಳಿಗೆ ಕಪ್ಪು ಕಾಗದ ಸುತ್ತಿದ. ಪರೀಕ್ಷೆ ಮುಗಿದು ಔಷಧಿ ಕೈಗೆ ಬರಲು ಹನ್ನೊಂದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಆ ಒಂದು ವಾರ್ಡಿನಿಂದಲೇ ಆರುನೂರು ಹೆಣ ಹೊರಟಿದ್ದವು. ಹೆಚ್ಚಿನವರ ಕಣ್ಣು ಮುಚ್ಚಿದ್ದು ದಾದಿಯ ಕೈಯೇ.

ಗುರು ಕತೆ ನಿಲ್ಲಿಸಿದರು.

"ಅವಳು ಕೆಟ್ಟವಳಲ್ಲವಲ್ಲ ಗುರುಗಳೇ" ಎಂದ ಶಿಷ್ಯ. "ನನ್ನ ರೋಗಿಗೆ ಇಬ್ಬರು ಸಣ್ಣ ಮಕ್ಕಳಿದ್ದಾರೆ."

"ನೀನು ಕೇಳುತ್ತಿರುವುದು ಒಬ್ಬನ ಬಗ್ಗೆ, ಉಳಿದವರು ಇನ್ನೂ ನಿನ್ನ ವಾರ್ಡಿಗೆ ಬಂದಿಲ್ಲ" ಎಂದರು ಗುರು.