ಯಾರೂ ನೋಡದಾಗ ಚಿಕ್ಕೀರ ಎಲ್ಲಿದ್ದ

ಕಾಲೇಜುಗಳಲ್ಲಿ ಈಗ ಕ್ವಾಂಟಂ ಕ್ವಾಂಟಂ ಅಂತಾರಲ್ಲ, ಆ ವಿದ್ಯೆ ನಮ್ಮೂರಿಗೆ ಬಂದದ್ದೇ ನನ್ನ ಎತ್ತಿನ ಗಾಡಿಯಲ್ಲಿ. ಅದನ್ನು ತಂದ ಶೇಷಾದ್ರಿ ಮೇಷ್ಟ್ರು ಕೆರೆ ಏರಿಯ ಹತ್ತಿರ ಒಂದು ಲೆಕ್ಕ ತಪ್ಪಿದಾಗ, ಗಾಡಿ ಹೊಡೀತಾ ಹೊಡೀತಾನೇ ತಿದ್ದಿಕೊಟ್ಟವನು ನಾನು. ಸುಳ್ಳು ಅನ್ನುವವರು ಮೇಷ್ಟ್ರನ್ನೇ ಕೇಳಬಹುದಿತ್ತು, ಆದರೆ ಅವರು ತೀರಿಕೊಂಡರು. ಎತ್ತುಗಳನ್ನು ಕೇಳೋಣ ಅಂದರೆ ಅವೂ ಹೋದವು. ಇನ್ನು ನಾನು ಹೇಳಿದ್ದೇ ಸರಿ.

ಆ ಮೇಷ್ಟ್ರು ಬಾಡಿಗೆಗೆ ಇಳಿದದ್ದು ಮಂಚಮ್ಮನ ಮನೆಯ ಹೊರಕೋಣೆಯಲ್ಲಿ. ಮಂಚಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವವನು. ಕಳ್ಳ ಹಿತ್ತಿಲಿಂದ ಬಂದು ಚೊಂಬು ಎತ್ತಿಕೊಂಡು ಹೋದರೂ ತಿರುಗಿ ನೋಡುವವನಲ್ಲ. ಇಂಥವನಿಗೆ ಹೆಣ್ಣು ಕೊಡುವವರು ಯಾರು? ಮಗನ ತಲೆ ಮೇಲೊಂದು ಬಾಸಿಂಗ ನೋಡಬೇಕು ಅನ್ನೋದೊಂದೇ ಮಂಚಮ್ಮನ ಆಸೆ. ಅಂತೂ ಆ ವರ್ಷ ಮಳಲಿಕೊಪ್ಪಲಿನ ದೇವೀರಿ ಅನ್ನೋ ಹುಡುಗಿಯ ಅಪ್ಪ, ಮನೆ ನೋಡಲು ಬರುತ್ತೇನೆಂದು ಹೇಳಿಕಳಿಸಿದ.

ಅದೇ ವಾರ ಮೇಷ್ಟ್ರು ಜಗಲಿಯ ಮೇಲೆ ಕೂತು ಚಿಕ್ಕೀರನಿಗೆ ತಮ್ಮ ವಿದ್ಯೆ ಹೇಳಿದರು. ಲೋಕವೆಲ್ಲ ಕಣ್ಣಿಗೆ ಕಾಣದ ಕಣಗಳಿಂದ ಆಗಿದೆಯಂತೆ. ಯಾರೂ ನೋಡದಿರುವಾಗ ಒಂದು ಕಣ ಇಲ್ಲೂ ಇರುತ್ತದಂತೆ, ಅಲ್ಲೂ ಇರುತ್ತದಂತೆ. ನೋಡಿದೆವೋ, ಒಂದೇ ಕಡೆ ನಿಂತುಬಿಡುತ್ತದಂತೆ.

“ನಮ್ಮ ಎಮ್ಮೇನೂ ಅದರಿಂದಲೇ ಆಗಿರೋದಾ, ಮೇಷ್ಟ್ರೇ?”

“ಹೂಂ ಕಣಪ್ಪ, ಎಮ್ಮೇನೂ ಅದರಿಂದಲೇ. ಆದರೆ...”

ಆ ಆದರೆಯನ್ನು ಕೇಳಲು ಚಿಕ್ಕೀರ ಅಲ್ಲಿರಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗಿ, ಅದಕ್ಕೆ ಬೆನ್ನು ಹಾಕಿ ಕೂತ. ನೋಡದಿದ್ದರೆ ಕೆರೆ ದಂಡೆಯಲ್ಲೂ ಮೇಯುತ್ತೆ, ಗುಡ್ಡದ ಮೇಲೂ ಮೇಯುತ್ತೆ, ಸಂಜೆಗೆ ಎರಡು ಎಮ್ಮೆಯ ಹಾಲು ಅಂತ ಅವನ ಲೆಕ್ಕ. ಎಮ್ಮೆ ಮಾತ್ರ ಒಂದೇ ಕಡೆ ಇತ್ತು, ಪಟೇಲರ ರಾಗಿ ಹೊಲದಲ್ಲಿ.

ಪಟೇಲರ ಬೈಗುಳವನ್ನೆಲ್ಲ ಮಂಚಮ್ಮ ತಂದು ಮಗನ ಮೇಲೆ ಸುರಿದಳು. “ನಿನಗೊಪ್ಪಿಸಿದ್ದರ ಮೇಲಿಂದ ಕಣ್ಣು ತೆಗೀಬಾರದು ಕಣೋ, ಏನೇ ಆಗಲಿ.”

ಆಗಲಿ ಕಣವ್ವ, ಅಂದ ಚಿಕ್ಕೀರ.

ಮಾರನೇ ದಿನ, ಮನೆ ನೋಡಲು ಬರುವ ಬೀಗರಿಗೆ ಮೊಸರು ಬೇಕು ಅಂತ ಮಂಚಮ್ಮ ಹಾಲು ಕಾಯಿಸಿ ಆರಲು ಇಟ್ಟು, ಮಗನಿಗೆ ಒಪ್ಪಿಸಿ, ಹೆಪ್ಪು ತರಲು ಪಕ್ಕದ ಮನೆಗೆ ಹೋದಳು. ಬಂದು ನೋಡಿದರೆ ಪಾತ್ರೆ ಬರಿದು. ಬೆಕ್ಕು ಮೀಸೆ ನೆಕ್ಕಿಕೊಳ್ಳುತ್ತಿದೆ. ಚಿಕ್ಕೀರ ರೆಪ್ಪೆ ಬಡಿಯದೆ ಕೂತಿದ್ದಾನೆ.

“ನಾನು ಹಾಲಿನ ಮೇಲಿಂದ ಕಣ್ಣೇ ತೆಗೀಲಿಲ್ಲ ಕಣವ್ವ. ತಳ ಕಾಣೋವರೆಗೂ ನೋಡಿದೆ.”

ಆಮೇಲೆ ಮೇಷ್ಟ್ರ ಹತ್ತಿರ ಓಡಿ, ಹಾಲನ್ನು ಬೆಕ್ಕೂ ನೋಡಿತಲ್ಲ, ಬೆಕ್ಕು ನೋಡಿದ್ದು ಲೆಕ್ಕಕ್ಕೆ ಬರುತ್ತೋ, ಮನುಷ್ಯರೇ ನೋಡಬೇಕೋ ಅಂತ ಕೇಳಿದ. ಮೇಷ್ಟ್ರು ತಲೆ ಕೆರೆದುಕೊಂಡು, ಅದಕ್ಕೇ ದೊಡ್ಡ ದೊಡ್ಡವರು ಇನ್ನೂ ಜಗಳ ಆಡ್ತಿದ್ದಾರೆ ಕಣಪ್ಪ, ಅಂದರು.

ಮಂಚಮ್ಮ ಮೊಸರನ್ನು ಎರವಲು ತಂದು ಬೀಗನ ಮುಂದೆ ಮಾನ ಉಳಿಸಿಕೊಂಡಳು. ಆತ ಹೋದಮೇಲೆ ಮಗನಿಗೆ ಮತ್ತೆ ಪಾಠ. ಹಾಲಾಗಲಿ, ಇನ್ನೊಂದಾಗಲಿ, ಕೂಡಿಬರೋವರೆಗೂ ಮುಚ್ಚಿಡಬೇಕು. ಮುಚ್ಚಿದ್ದನ್ನು ನೋಡಹೋದರೆ ಕೆಡುತ್ತೆ.

ಮುಂದಿನ ಸೋಮವಾರ ಹೆಣ್ಣು ನೋಡುವ ಶಾಸ್ತ್ರ. ದೇವೀರಿ ಕಾಫಿ ತಟ್ಟೆ ಹಿಡಿದು ಬಂದಳು. ಚಿಕ್ಕೀರ ಟವಲನ್ನು ಮುಖದ ಮೇಲೆ ಎಳೆದುಕೊಂಡ. ನೋಡಪ್ಪ, ನೋಡೋ, ಅಂತ ಮನೆಯವರೆಲ್ಲ ಬೇಡಿಕೊಂಡರು.

“ನೋಡಲ್ಲ. ನೋಡದಿದ್ದರೆ ಇವಳು ಒಪ್ಪಿದ್ದೂ ಇರುತ್ತೆ, ಒಪ್ಪದ್ದೂ ಇರುತ್ತೆ. ನೋಡಿಬಿಟ್ಟು, ಒಪ್ಪದ್ದೇ ನಿಂತುಬಿಟ್ಟರೆ ನಮ್ಮವ್ವ ಅಳ್ತಾಳೆ.”

ಹುಡುಗಿಯ ಅಪ್ಪ ಪಂಚೆ ಕೊಡವಿ ಎದ್ದೇಬಿಟ್ಟ. ದೇವೀರಿ ಮಾತ್ರ ತಟ್ಟೆ ಕೆಳಗಿಟ್ಟು ಹತ್ತಿರ ಬಂದಳು.

“ನೀನು ನೋಡದಿದ್ದರೆ ನಾನು ಇಲ್ಲವಾ?”

“ಮೇಷ್ಟ್ರು ಹಂಗಂತಾರೆ.”

ಅವಳು ಟವಲಿನ ಮೇಲಿಂದಲೇ ಅವನ ಕಿವಿ ಹಿಡಿದು ಹಿಂಡಿದಳು. “ಈಗ?”

“ಇದ್ದೀಯ, ಇದ್ದೀಯ.”

ದೇವೀರಿ ಅಪ್ಪನ ಕಡೆ ತಿರುಗಿ, ಇದುವರೆಗೂ ಬಂದವರೆಲ್ಲ ಎತ್ತಿನ ಹಲ್ಲು ನೋಡೋ ಹಾಗೆ ನನ್ನನ್ನ ನೋಡಿ ಹೋದರು, ಅವ್ವ ಅಳ್ತಾಳೆ ಅಂತ ನೋಡೋಕೂ ಹೆದರಿದವನು ಇವನೊಬ್ಬ, ನನಗೆ ಇವನೇ ಆಗಬೇಕು, ಅಂದಳು.

ಮನೆಗೆ ಬಂದು ಮಂಚಮ್ಮ ಮಗನಿಗೆ ಕೈ ಮುಗಿದಳು. “ಮದುವೆ ದಿನ ನೀನು ಏನೂ ಮಾಡಬೇಡವೋ ನಮ್ಮಪ್ಪ. ಅಂತರಪಟ ತೆಗೆದು ಹುಡುಗಿ ನಿನ್ನನ್ನ ನೋಡ್ತಾಳಲ್ಲ, ಆಗ ಮಣೆ ಮೇಲೆ ಇದ್ದರೆ ಸಾಕು.”

ಮದುವೆ ದಿನ ಬಂತು. ಹೆಣ್ಣು ಗಂಡಿನ ನಡುವೆ ಅಂತರಪಟದ ಬಟ್ಟೆ ಹಿಡಿದರು. ಐನೋರ ಕಣ್ಣು ಪುಸ್ತಕದ ಮೇಲೆ; ಉಳಿದವರೆಲ್ಲರ ಕಣ್ಣು ಹೆಣ್ಣಿನ ಸೀರೆ ಮೇಲೆ. ಮದುವೆಮನೆಯಲ್ಲಿ ಗಂಡನ್ನು ಯಾರು ನೋಡ್ತಾರೆ? ಅಷ್ಟರಲ್ಲಿ ಅಡುಗೆಮನೆಯಿಂದ ಹೋಳಿಗೆ ಘಮ ಬಂತು. ಅವಳು ನೋಡೋವರೆಗೂ ನಾನು ಇಲ್ಲೂ ಇರ್ತೀನಿ, ಅಲ್ಲೂ ಇರ್ತೀನಿ ಅಂದುಕೊಂಡ ಚಿಕ್ಕೀರ.

ಗಟ್ಟಿಮೇಳ ಮೊಳಗಿತು. ಬಟ್ಟೆ ಸರಿಯಿತು. ಮಣೆ ಖಾಲಿ.

ಮುಹೂರ್ತ ಮೀರುತ್ತೆ ಅಂತ ಐನೋರು ಕೂಗಿಕೊಂಡರು. ಜನ ಅಡುಗೆಮನೆಗೆ ನುಗ್ಗಿದರೆ, ಗಂಡು ಹೋಳಿಗೆ ಹಿಡಿದು ನಿಂತಿದ್ದಾನೆ. ಬಾರೋ, ಬಾರೋ ಅಂತ ಎಳೆದರೆ ಕಂಬ ತಬ್ಬಿಕೊಂಡ.

“ನೀವು ಬಂದು ನೋಡಿಬಿಟ್ಟಿರಲ್ಲ, ನಾನು ಇಲ್ಲೇ ನಿಂತುಬಿಟ್ಟೆ. ಈಗ ಅಲ್ಲಿ ಹೆಂಗಿರಲಿ?”

ಆಗ ದೇವೀರಿ ಮಣೆ ಮೇಲಿಂದಲೇ ಗದರಿದಳು. “ಎಲ್ಲರೂ ಕಣ್ಣು ಮುಚ್ಚಿ. ಓಲಗದವರೂ ಮುಚ್ಚಿ. ಬೆಕ್ಕಿದ್ದರೆ ಅದರದ್ದೂ ಮುಚ್ಚಿಸಿ.”

ಇಡೀ ಚಪ್ಪರ ಕಣ್ಣು ಮುಚ್ಚಿತು. ಐನೋರು ಮುಚ್ಚಿದರು, ಪಟೇಲರು ಮುಚ್ಚಿದರು, ನಾನೂ ಮುಚ್ಚಿದೆ. ಎಲ್ಲರೂ ಅಂದಳಲ್ಲ, ಚಿಕ್ಕೀರನೂ ಮುಚ್ಚಿಕೊಂಡೇ ಓಡಿದ. ಕಂಬಕ್ಕೆ ಹಣೆ ಚಚ್ಚಿಕೊಂಡ, ಪಟೇಲರ ಪೇಟ ತುಳಿದ, ಡೋಲಿನ ಮೇಲೆ ಬಿದ್ದು ಎದ್ದ, ತಡಕಾಡಿ ತಡಕಾಡಿ ಮಣೆ ಹತ್ತಿದ. ಕಣ್ಣು ಬಿಟ್ಟರೆ ಗಂಡು ಅಲ್ಲೇ ಇದ್ದಾನೆ! ಜೀರಿಗೆ ಬೆಲ್ಲ ಇಡಯ್ಯಾ ಅವಳ ತಲೆ ಮೇಲೆ, ಅಂದರು ಐನೋರು. ಕೈಯಲ್ಲಿದ್ದದ್ದು ಹೋಳಿಗೆ. ಅದನ್ನೇ ಬಿಡಿಸಿ, ದೇವೀರಿಯ ತಲೆ ಮೇಲೆ ಕುಲಾವಿ ಹಾಗೆ ಹೊದಿಸಿದ. ತುಪ್ಪ ಕೆನ್ನೆ ಮೇಲೆ ಇಳೀತಾ ಇದ್ದರೂ ಅವಳು ನಗ್ತಾನೇ ತಾಳಿ ಕಟ್ಟಿಸಿಕೊಂಡಳು.

ಅವರೆಕಾಯಿ ಸುಲಿಯುತ್ತಾ ಕತೆ ಕೇಳುತ್ತಿದ್ದ ನನ್ನ ಸೊಸೆ ಪುಟ್ಟಲಿಂಗಿ ಕೈ ನಿಲ್ಲಿಸಿದಳು.

“ಮಾವ, ನೀವೂ ಕಣ್ಣು ಮುಚ್ಚಿದ್ದಿರಿ ಅಂದಿರಲ್ಲ. ಅವನು ಕಂಬಕ್ಕೆ ಚಚ್ಚಿಕೊಂಡದ್ದು ನಿಮಗೆ ಹೆಂಗೆ ಕಂಡಿತು?”

ನಾನು ಹೆಗಲು ಕುಣಿಸಿದೆ. “ಒಬ್ಬನಾದರೂ ನೋಡದಿದ್ದರೆ ಅದು ನಡೆದಂಗೇ ಅಲ್ಲ ಕಣಮ್ಮ. ಪಾಪ, ಆ ಹುಡುಗನ ಮದುವೆ ನಿಂತುಹೋಗಲಿ ಅಂತೀಯಾ?”