ಎರಡು ಹಿಡಿಯ ಪುಟ್ಟ ಕೊಡ

ಬನ್ನಿ, ಗೋಡೆಗೊರಗಿ ಕೂತುಕೊಳ್ಳಿ. ಎಲೆಯಡಿಕೆ ಹಾಕೋರು ಈಗಲೇ ಹಾಕಿಕೊಂಡುಬಿಡಿ, ನಡುವೆ ಎದ್ದು ಹೋಗೋ ಕಥೆಯಲ್ಲ ಇದು.

ಹೊಳೆ ದಂಡೆಯಲ್ಲಿ ಓಬಯ್ಯ ಅಂತ ಒಬ್ಬ ಕುಂಬಾರ ಗುರು ಇದ್ದ. ಮಾತು ಕಮ್ಮಿ. ಅವನಿಗೊಬ್ಬನೇ ಶಿಷ್ಯ, ಕೆಂಚ, ಮೂವತ್ತು ದಾಟಿದವನು. ಗುರುವಿಗೆ ವಯಸ್ಸಾದ ಮೇಲೆ ತಿಗರಿ ಚಕ್ರ ತಿರುಗಿಸೋದು, ಆವಿಗೆಯಲ್ಲಿ ಮಡಕೆ ಸುಡೋದು, ಹೊಳೆ ಮೆಟ್ಟಿಲ ಹತ್ತಿರ ಅಂಗಡಿ ಹರವಿ ಮಾರೋದು, ಎಲ್ಲಾ ಅವನದೇ.

ಕೆಂಚ ಮಾಡುತ್ತಿದ್ದದ್ದು ಒಂದೇ ಅಳತೆ. ಕಿರುಬಾಯಿಯ ದೊಡ್ಡ ಕೊಡ. ಗಟ್ಟಿ ಸೊಂಟದ ಹೆಂಗಸರು ಬಂದು ಎತ್ತಿಕೊಂಡು ಹೋಗೋರು.

ಒಂದು ದಿನ ಸಣ್ಣೀರಮ್ಮ ಅನ್ನೋ ಮುದುಕಿ ಬಂದಳು. ಮಗಳ ಮನೆಯಲ್ಲಿದ್ದವಳು. ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಎರಡು ಹಿಡಿ ಇರೋ ಪುಟ್ಟ ಕೊಡ ಬೇಕು ಅಂದಳು.

"ಯಾಕಜ್ಜೀ, ಆಟ ಆಡೋಕಾ?" ಅಂದ ಕೆಂಚ.

"ಹೂಂ ಕಣಪ್ಪ, ಯಮರಾಯ ಆಟಕ್ಕೆ ಜೊತೆಗೆ ಬರ್ತೀನಿ ಅಂದಿದ್ದಾನೆ." ಆಮೇಲೆ ನಗು ಬಿಟ್ಟು ಹೇಳಿದಳು: "ನಾನು ಕುಡಿಯೋ ನೀರು ನಾನೇ ತಂದುಕೋಬೇಕು. ಅದಕ್ಕೂ ಇನ್ನೊಬ್ಬರ ಮುಖ ನೋಡೋ ಹಾಗೆ ಮಾಡಬೇಡ."

ಮುಂದಿನ ಆವಿಗೆಗೆ ನೋಡೋಣ ಅಂದ. ಮುಂದಿನ ಆವಿಗೆ ಬಂತು, ಹೋಯಿತು. ಮುದುಕಿ ಮೂರು ಸಲ ಬಂದಳು. ಮೂರನೇ ಸಲ ಏನೂ ಕೇಳಲಿಲ್ಲ. ದೊಡ್ಡ ಕೊಡವನ್ನೇ ಕೊಂಡು, ಎದೆಗವಚಿಕೊಂಡು ಹೋದಳು.

ಗುರುವಿನ ಕಿವಿಗೆ ಇದು ಬಿತ್ತು. ಕೆಂಚನನ್ನು ಕರೆದು ಕೇಳಿದ.

"ಒಬ್ಬ ಮುದುಕಿಗೋಸ್ಕರ ಕೈಯ ಅಳತೆ ಬದಲಾಯಿಸಲಾ, ಅಯ್ಯಾ?" ಅಂದ ಕೆಂಚ.

ಗುರು ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಬಲಗೈಯನ್ನು ಬೆನ್ನಿಗೆ ಕಟ್ಟಿದ. ಖಾಲಿ ಕೊಡವೊಂದನ್ನು ಕಾಲಲ್ಲೇ ಅವನ ಕಡೆ ಉರುಳಿಸಿ, ನೀರು ತಾ ಅಂದ.

ಮೊದಲ ಸಲ ಕೊಡ ಜಾರಿತು. ಎರಡನೇ ಸಲ ಮೊಣಕಾಲು ತರಚಿತು. ಮೂರನೇ ಸಲ ತಳದಲ್ಲಿ ಒಂದಿಷ್ಟು ನೀರು ತಂದ.

"ಸಾಕಾಗುತ್ತಾ?"

"ಇಲ್ಲ ಅಯ್ಯಾ."

ಗುರು ಕಟ್ಟು ಬಿಚ್ಚಿದ.

ಕೆಂಚ ಆಗಲೇ ತಿಗರಿಗೆ ಕೂತ. ತೆಳುವಾಗಿ ಎರಡು ಪುಟ್ಟ ಕೊಡ ಮಾಡಿದ, ಒಂದು ಬಿರಿದರೆ ಇನ್ನೊಂದಿರಲಿ ಅಂತ. ಹಿಡಿ ಅಂಟಿಸಿದ. ಹಸಿಮಣ್ಣಿಗೆ ಅವಸರ ಮಾಡೋಕಾಗುತ್ತಾ? ನೆರಳಲ್ಲಿ ಒಣಗಬೇಕು, ಆಮೇಲೆ ಬೇಯಬೇಕು. ಒಂಬತ್ತನೇ ದಿನ ಆವಿಗೆ ಬಿಚ್ಚಿದಾಗ ಎರಡೂ ಚೆನ್ನಾಗಿದ್ದವು. ಒಂದನ್ನು ಒರೆಸಿಕೊಂಡು ಮುದುಕಿಯ ಮನೆ ಕಡೆ ಹೊರಟ.

ಎದುರಿಗೆ ಅವಳ ಅಳಿಯ ಬಂದ. ನಿನ್ನೆ ಕತ್ತಲಲ್ಲಿ ತುಂಬಿದ ಕೊಡ ಹೊತ್ತು ಹತ್ತುವಾಗ ಅತ್ತೆ ಹೊಳೆ ಮೆಟ್ಟಿಲ ಮೇಲೆ ಬಿದ್ದರು, ಬೆಳಗಿನ ಜಾವ ಜೀವ ಹೋಯಿತು ಅಂದ. ಮಸಣಕ್ಕೊಂದು ಕೊಡ ಬೇಕಿತ್ತು. ಕೆಂಚನ ಕೈಯಲ್ಲಿದ್ದದ್ದನ್ನೇ ತೆಗೆದುಕೊಂಡು ಎತ್ತಿ ನೋಡಿದ.

"ಹಗುರವಾಗಿದೆ. ಹೊರೋಕೆ ಸಲೀಸು."

ಮಸಣದಲ್ಲಿ ಅಳಿಯ ಅದನ್ನು ತುಂಬಿ ಹೊತ್ತು ಚಿತೆಯನ್ನು ಮೂರು ಸುತ್ತು ಬಂದ. ಸುತ್ತಿಗೊಂದು ತೂತು ಕುಟ್ಟಿದರು, ನೀರು ಸುರಿಯಿತು. ಕೊನೆಗೆ ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟ. ಒಡೆದ ಕೊಡದ ಒಂದು ಹಿಡಿ ಉರುಳಿಕೊಂಡು ಬಂದು ಕೆಂಚನ ಕಾಲ ಹತ್ತಿರ ನಿಂತಿತು.

ಅವನು ವಾಪಸು ಬಂದಾಗ ಗುರು ಕೊನೇ ಮೆಟ್ಟಿಲಲ್ಲಿ ಮಂಡಿಯೂರಿ, ನಡುಗೋ ಬೊಗಸೆಯಲ್ಲಿ ಹೊಳೆನೀರು ಕುಡೀತಿದ್ದ. ಅರ್ಧ ಗಡ್ಡದಲ್ಲೇ ಇಳಿದು ಹೋಗುತ್ತಿತ್ತು. ದಿನಾ ಬೆಳಗ್ಗೆ ಗುರುವಿನ ಪಕ್ಕ ದೊಡ್ಡ ಕೊಡ ತುಂಬಿಟ್ಟು ಅಂಗಡಿಗೆ ಹೋಗೋನು ಕೆಂಚ. ಅದನ್ನು ಬಗ್ಗಿಸೋ ಶಕ್ತಿ ಆ ಕೈಗಿದೆಯಾ ಅಂತ ಒಂದು ದಿನವೂ ನೋಡಿರಲಿಲ್ಲ.

ಯಾರು ಏನಾದರು ಅಂದರೆ, ಸಣ್ಣೀರಮ್ಮ ಬೂದಿಯಾಗಿ ಅದೇ ಹೊಳೆ ಸೇರಿದಳು. ಅಳಿಯ ಮತ್ತೆ ಆ ಅಂಗಡಿಗೆ ಬರಲಿಲ್ಲ. ಕೆಂಚ ಮುದುಕನಾಗೋವರೆಗೂ, ಬಂದವರ ಕೈ ನೋಡಿಯೇ ಕೊಡ ಮಾಡಿದ. ದೂರದೂರದಿಂದ ವಯಸ್ಸಾದವರು ಬಂದರು, ಹರಸಿದರು. ಅವನು ತಲೆಯೆತ್ತಲಿಲ್ಲ. ಗುರು ಆ ಚಳಿಗಾಲ ದಾಟಲಿಲ್ಲ. ಅವನಿಗೆಂದು ಇಟ್ಟ ಎರಡನೇ ಪುಟ್ಟ ಕೊಡ, ಅವನು ಮುಟ್ಟದೆ ಹಾಗೇ ಉಳಿಯಿತು.

ಅದನ್ನು ತಂದು ಮುಂದಿಟ್ಟ ದಿನ ಕೆಂಚ ಅತ್ತುಕೊಂಡು ಕೇಳಿದ್ದ: "ಎರಡು ವರ್ಷದಿಂದ ಬೊಗಸೆಯಲ್ಲಿ ಕುಡಿದೆಯಲ್ಲ ಅಯ್ಯಾ, ನನ್ನನ್ನು ಒಂದು ಮಾತು ಕೇಳಬಾರದಿತ್ತಾ?"

ಗುರು ಹೇಳಿದ್ದು ಇಷ್ಟೇ:

"ಕೇಳಿದವಳಿಗೆ ಏನು ಕೊಟ್ಟೆ, ಕೆಂಚಾ?"